ಮನೆಗೆ ಬಂದ ಮೇಲಿನ ಚಿಕಿತ್ಸೆ

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ, ಮಳೆ ಬಿಟ್ಟ ಮೇಲೆ ಕೊನೆ ಇಳಿಸುವಾಗ ಅಡಿಕೆ ಮರದಿಂದ ಬಿದ್ದವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಪಟ್ಟಿಗೆ ಹೊಸಬರಲ್ಲ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊನೆ ಕೊಯ್ಯುವುದು ಸಾಧ್ಯವಾಗಿದೆ, ನಿಜ. ಆದರೆ ಈಗಾಗಲೇ ಬಿದ್ದು ಬೆನ್ನುಹುರಿ ಜಖಂಗೊಂಡ ಕೊನೆಗೌಡನ, ಅಂದರೆ ಮರವೇರಿ ಕೊನೆ ಕೊಯ್ಯುವವನ, ಗತಿ? ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕರೆತರುತ್ತಾರೆ. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ, ಮೂತ್ರದ ಮೇಲೆ ಹಿಡಿತವಿಲ್ಲ. ನಿಜವಾದ ಕಷ್ಟ ಶುರುವಾಗುವುದು ಆಗ.

ಇಂಥವರನ್ನು ಕೊಲ್ಲುವುದು ಬಹಳ ಸಲ ಬೆನ್ನಿನ ಪೆಟ್ಟಲ್ಲ. ಮಲಗಿದಲ್ಲೇ ಆಗುವ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಹಗಲು ರಾತ್ರಿ ಎರಡೆರಡು ಗಂಟೆಗೆ ರೋಗಿಗಳನ್ನು ಮಗ್ಗುಲು ಬದಲಿಸಿ ಮಲಗಿಸತೊಡಗಿದರು. ಸಾಯುವವರೆಂದು ಕೈಬಿಟ್ಟಿದ್ದವರು ಎದ್ದು ಕುಳಿತರು, ಆಟವಾಡಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೇ ಅಲ್ಲಿಂದ. ಈ ವಿದ್ಯೆಗೆ ದುಬಾರಿ ಯಂತ್ರ ಬೇಡ. ಕನ್ನಡಿ ಹಿಡಿದು ದಿನಾ ಚರ್ಮ ನೋಡಿಕೊಳ್ಳುವುದು, ಕುಳಿತಾಗ ಆಗಾಗ ಕೈಯೂರಿ ಮೈ ಎತ್ತುವುದು, ಹೊತ್ತು ಹೊತ್ತಿಗೆ ತಾನೇ ಕೊಳವೆ ಹಾಕಿ ಮೂತ್ರ ತೆಗೆಯುವುದು. ಗಂಡ ಇಷ್ಟು ಕಲಿತರೆ ಹೆಂಡತಿ ಮತ್ತೆ ಕೂಲಿಗೆ ಹೋಗಬಹುದು. ಸ್ವಾವಲಂಬನೆಯ ಲೆಕ್ಕ ಹಾಕುವಾಗ ಈ ಹೆಂಗಸಿನ ದುಡಿಮೆಯನ್ನು ಯಾರೂ ಸೇರಿಸುವುದಿಲ್ಲ. ಸೇರಿಸಲೇಬೇಕು.

ಕಲಿಸುವವರು ಇದ್ದಾರೆ. ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಬೆನ್ನುಹುರಿ ಪೆಟ್ಟಾದವರಿಗೆ ತರಬೇತಿ ಕೊಡುತ್ತದೆ. ದಕ್ಷಿಣ ಕನ್ನಡದ ಸೌತಡ್ಕದಲ್ಲಿ ಸೇವಾಭಾರತಿಯ ಸೇವಾಧಾಮ ಇವರಿಗೆಂದೇ ಇದೆ. ಆದರೆ ಕೇಂದ್ರದ ಸಮತಟ್ಟು ನೆಲದಲ್ಲಿ ಕಲಿತದ್ದು ಮಲೆನಾಡಿನ ಮನೆಯಲ್ಲಿ ಹಾಗೇ ನಡೆಯುವುದಿಲ್ಲ. ಮಣ್ಣು ರಸ್ತೆ, ಕಾಲುಸಂಕ, ದಿಬ್ಬ, ಜಗುಲಿಗೆ ಮೆಟ್ಟಿಲು, ಕೋಣೆಗೊಂದು ಹೊಸ್ತಿಲು, ಹಿತ್ತಿಲಲ್ಲಿ ಬಚ್ಚಲು. ಸಮಾರಂಭದಲ್ಲಿ ಸಿಕ್ಕ ವೀಲ್‌ಚೇರ್ ಮೂಲೆ ಸೇರುವುದು ಇದಕ್ಕೇ. ಒಂದಡಿ ಎತ್ತರದ ಜಗುಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅಂಗಳದಲ್ಲಿ ಅದಕ್ಕೆ ಜಾಗ ಹುಡುಕುವವರು ಮನೆಗೇ ಬರಬೇಕು.

ದುಡಿಮೆಯೂ ಮನೆಯಲ್ಲೇ ಇದೆ. ಅಡಿಕೆ ಸುಲಿಯುವುದು ಕುಳಿತು ಮಾಡುವ ಕೆಲಸ. ಮೆಟ್ಟುಗತ್ತಿಯನ್ನು ಕಾಲಿನಿಂದ ಅದುಮಿ ಹಿಡಿಯಲಾಗದವನಿಗೆ ಕತ್ತಿಯನ್ನು ಮೇಜಿಗೆ ಭದ್ರವಾಗಿ ಬಿಗಿದುಕೊಟ್ಟರೆ ಕೈ ನಡೆಯುತ್ತದೆ. ಗಾಯವಾದರೂ ಗೊತ್ತಾಗದ ಕಾಲಿನ ಮೇಲೆ ದಪ್ಪ ಹೊದಿಕೆ ಇರಲಿ, ನಡುನಡುವೆ ಮೈ ಎತ್ತುವುದು ಮರೆಯದಿರಲಿ.

ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ಏರ್ಪಾಟು ನಮ್ಮ ರಾಜ್ಯದಲ್ಲಿದೆ. ಅವರೂ ಅಂಗವಿಕಲರೇ, ಪಡೆಯುವುದು ಗೌರವಧನ ಮಾತ್ರ. ಅರ್ಜಿ, ಗುರುತಿನ ಚೀಟಿ, ಪಿಂಚಣಿಯ ಓಡಾಟದಲ್ಲೇ ಅವರ ದಿನ ಕಳೆಯುತ್ತದೆ. ಹುಣ್ಣು ಗುರುತಿಸುವ, ಕೊಳವೆಯ ಶುಚಿತ್ವ ಹೇಳಿಕೊಡುವ ತರಬೇತಿ ಮೊದಲು ಸಿಗಬೇಕಾದದ್ದು ಇವರಿಗೆ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟು ಅಂಗವಿಕಲರಿಗೆ ಮೀಸಲು. ಮುಂದಿನ ಗ್ರಾಮಸಭೆಯಲ್ಲಿ ಆ ಹಣದಿಂದ ಜಗುಲಿಗೊಂದು ಇಳಿಜಾರು, ಬಚ್ಚಲಿಗೊಂದು ಅಗಲದ ಬಾಗಿಲು ಮಾಡಿಸಿಕೊಡಿ ಎಂದು ಹೆಸರು ಹಿಡಿದು ಕೇಳಿ, ಠರಾವು ಬರೆಸಿ.