ಕ್ರಿಯಾತ್ಮಕ ವ್ಯಾಯಾಮ ಶಾಲೆಯ ಆಯ್ಕೆ

ಅಧಿಕ ತೀವ್ರತೆಯ ಕ್ರಿಯಾತ್ಮಕ ವ್ಯಾಯಾಮವು ಎತ್ತುವುದು, ತಳ್ಳುವುದು, ಎಳೆಯುವುದು, ಹೊರುವುದು, ಜಿಗಿಯುವುದು ಮೊದಲಾದ ನಿತ್ಯಜೀವನದ ಚಲನೆಗಳನ್ನು ಅಲ್ಪಾವಧಿಯಲ್ಲಿ ಹೆಚ್ಚು ಶ್ರಮದೊಡನೆ ಮಾಡಿಸುವ ಪದ್ಧತಿಯಾಗಿದೆ. ಒಂದೊಂದು ಸ್ನಾಯುವನ್ನು ಪ್ರತ್ಯೇಕವಾಗಿ ಬೆಳೆಸುವ ದೇಹದಾರ್ಢ್ಯ ಸಾಧನೆಗಿಂತ ಇದು ಭಿನ್ನ. ಅಮೆರಿಕದಲ್ಲಿ ಗ್ರೆಗ್ ಗ್ಲಾಸ್‌ಮನ್ ಮತ್ತು ಲಾರೆನ್ ಜೆನೈ 2000ದಲ್ಲಿ ಸ್ಥಾಪಿಸಿದ ಕ್ರಾಸ್‌ಫಿಟ್ ಇದರ ಪ್ರಸಿದ್ಧ ರೂಪ.

ಹಿನ್ನೆಲೆ

ಹೆಸರು ಹೊಸದಾದರೂ ಪದ್ಧತಿ ಕರ್ನಾಟಕಕ್ಕೆ ಅಪರಿಚಿತವಲ್ಲ. ಗರಡಿ ಮನೆಯ ದಂಡೆ, ಬಸ್ಕಿ, ಗದೆ ತಿರುಗಿಸುವಿಕೆ, ಕಲ್ಲುಗುಂಡು ಎತ್ತುವಿಕೆ ಇವೆಲ್ಲ ಇಡೀ ದೇಹವನ್ನು ಒಟ್ಟಾಗಿ ದುಡಿಸುವ ಸಾಧನೆಗಳೇ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗದಲ್ಲಿ ಮಲ್ಲರ ಆಹಾರ ಮತ್ತು ವ್ಯಾಯಾಮಗಳ ವಿವರಗಳಿವೆ. 20ನೆಯ ಶತಮಾನದಲ್ಲಿ ‘ಶಾಂತಲಾ’ ಕಾದಂಬರಿಯ ಕರ್ತೃ ಕೆ.ವಿ.ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರವನ್ನೂ ಭಾರದ ಸಾಧನೆಯನ್ನೂ ಜೊತೆಗೂಡಿಸಿ ಕಲಿಸಿದರು. ಗರಡಿಯಲ್ಲಿ ಹೊಸಬನ ಸಾಮು ಉಸ್ತಾದರ ಕಣ್ಗಾವಲಿನಲ್ಲಿ ದಿನದಿನಕ್ಕೆ ಏರುತ್ತಿತ್ತು. ಇಂದಿನ ಜಿಮ್‌ನಲ್ಲಿಯೂ ಮೊದಲು ನೋಡಬೇಕಾದುದು ಇದನ್ನೇ.

ತರಬೇತುದಾರ

ಉಪಕರಣಗಳ ಹೊಳಪಿಗಿಂತ ಕಲಿಸುವವರ ಯೋಗ್ಯತೆ ಮುಖ್ಯ. ಕ್ರಾಸ್‌ಫಿಟ್ ಹೆಸರನ್ನು ಬಳಸಲು ಆ ಸಂಸ್ಥೆಯ ಅನುಮತಿ ಅಗತ್ಯ. ಆದರೆ ಅದರ ಮೊದಲ ಹಂತದ ತರಬೇತಿ ಕೇವಲ ಎರಡು ದಿನಗಳದು. ಆದ್ದರಿಂದ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರವೊಂದೇ ಸಾಲದು. ಬಿ.ಪಿ.ಎಡ್. ಪದವಿ, ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ, ಭಾರ ಎತ್ತುವಿಕೆಯ ಅನುಭವ, ಪ್ರಥಮ ಚಿಕಿತ್ಸೆಯ ಜ್ಞಾನ ಇವುಗಳನ್ನು ವಿಚಾರಿಸುವುದು ಉಚಿತ.

ಸೇರುವ ಮೊದಲು ಒಂದು ತರಗತಿಯನ್ನು ಬದಿಯಲ್ಲಿ ಕುಳಿತು ನೋಡುವುದರಿಂದ ಬಹಳಷ್ಟು ತಿಳಿಯುತ್ತದೆ. ಒಳ್ಳೆಯ ತರಬೇತುದಾರರು ಹೊಸಬರಿಗೆ ಭಾರವಿಲ್ಲದ ಕೋಲಿನಿಂದ ಚಲನೆಯನ್ನು ಕಲಿಸಿ, ಬೆನ್ನು ಬಾಗಿದರೆ ತಡೆದು ತಿದ್ದುತ್ತಾರೆ. ಪುಲ್-ಅಪ್ ಆಗದವರಿಗೆ ಸುಲಭವಾದ ಬದಲಿ ಚಲನೆಯನ್ನು ಕೊಡುತ್ತಾರೆ. ಐವತ್ತರ ಗೃಹಿಣಿಗೂ ಇಪ್ಪತ್ತರ ಯುವಕನಿಗೂ ಒಂದೇ ಭಾರ, ಒಂದೇ ಎಣಿಕೆ ನಿಗದಿಪಡಿಸುವ ಜಿಮ್‌ನಿಂದ ದೂರವಿರುವುದೇ ಲೇಸು. ಗಡಿಯಾರದ ವಿರುದ್ಧ ಓಡುವ ಪೈಪೋಟಿ ಈ ಪದ್ಧತಿಯ ಆಕರ್ಷಣೆ. ದಣಿದಾಗ ಚಲನೆ ಕೆಡುವುದರಿಂದ ಅದೇ ಅದರ ದೌರ್ಬಲ್ಯವೂ ಹೌದು.

ಅಪಾಯಗಳು

ಅಭ್ಯಾಸವಿಲ್ಲದ ದೇಹವನ್ನು ಒಮ್ಮೆಲೇ ಅತಿಯಾಗಿ ದಂಡಿಸಿದರೆ ರಾಬ್ಡೋಮಯೋಲಿಸಿಸ್ ಎಂಬ ಸ್ಥಿತಿ ಉಂಟಾಗಬಹುದು. ಇದರಲ್ಲಿ ಸ್ನಾಯುಕೋಶಗಳು ಒಡೆದು, ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ವ್ಯಾಯಾಮದ ನಂತರದ ಒಂದೆರಡು ದಿನಗಳಲ್ಲಿ ತೀವ್ರ ನೋವು, ಊತ, ನಿಶ್ಶಕ್ತಿಯೊಡನೆ ಹಾಲು ಬೆರೆಸದ ಚಹಾದ ಬಣ್ಣದ ಮೂತ್ರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಸಾಮಾನ್ಯ ಮೈಕೈ ನೋವೆಂದು ಬಗೆಯುವುದು ಅಪಾಯಕರ. ನೀರಿನ ಕೊರತೆ ಮತ್ತು ಸೆಕೆ ಈ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಂತಹ ಬಿಸಿಲು ಸೀಮೆಯ ಊರುಗಳಲ್ಲಿ ತಗಡಿನ ಛಾವಣಿಯ ಕೆಳಗೆ ಬೇಸಿಗೆಯ ಮಧ್ಯಾಹ್ನ ನಡೆಯುವ ತರಗತಿ ಸೂಕ್ತವಲ್ಲ. ಮಗ್ಗದ ಮುಂದೆ ದಿನವಿಡೀ ಕುಳಿತು ದುಡಿಯುವ ನೇಕಾರರ ಸೊಂಟ ಮತ್ತು ಭುಜಗಳು ಬಿಗಿದಿರಬಹುದಾದ್ದರಿಂದ ಅವರಿಗೆ ಮೊದಲು ಮೈಸಡಿಲಿಸುವ ಅಭ್ಯಾಸ ಬೇಕು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ನಿಧನರಾದಾಗ ಕಠಿಣ ವ್ಯಾಯಾಮದ ಬಗ್ಗೆ ರಾಜ್ಯದಲ್ಲಿ ಭೀತಿ ಹರಡಿತು. ವ್ಯಾಯಾಮವನ್ನೇ ದೂಷಿಸುವುದು ಸರಿಯಲ್ಲ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಕುಟುಂಬದಲ್ಲಿ ಹೃದ್ರೋಗವಿರುವವರು ವೈದ್ಯರ ಸಲಹೆ ಪಡೆದೇ ಸೇರಬೇಕು. ಸೇರುವಾಗ ಈ ವಿಷಯಗಳನ್ನು ಕೇಳಿ ಬರೆದುಕೊಳ್ಳದ ಜಿಮ್ ಮೊದಲ ಪರೀಕ್ಷೆಯಲ್ಲಿಯೇ ಅನುತ್ತೀರ್ಣ.

ಸ್ಥಳ ಮತ್ತು ಶುಲ್ಕ

ಗಾಳಿಯಾಡುವ ಕೋಣೆ, ಜಾರದ ನೆಲ, ಕುಡಿಯುವ ನೀರು, ಭಾರಗಳನ್ನು ಇಳಿಸಲು ಸಾಕಷ್ಟು ಜಾಗ ಇರಬೇಕು. ವಾರ್ಷಿಕ ಶುಲ್ಕಕ್ಕೆ ರಿಯಾಯಿತಿ ತೋರಿಸಿ ಆತುರಪಡಿಸುವಲ್ಲಿ, ಮೊದಲು ಒಂದು ತಿಂಗಳಿಗಷ್ಟೇ ಹಣ ಕಟ್ಟಿ ರಸೀದಿ ಪಡೆಯುವುದು ಜಾಣತನ. ಪ್ರೋಟೀನ್ ಪುಡಿಯನ್ನು ಅಲ್ಲಿಯೇ ಕೊಳ್ಳಬೇಕೆಂಬ ಒತ್ತಾಯಕ್ಕೆ ಮಣಿಯಬೇಕಾಗಿಲ್ಲ.