ಮರಿನಾಯಿಯ ಮೊದಲ ಇರುಳುಗಳು

ನಾಯಿಯನ್ನು ಸಾಕುವುದು ನಮ್ಮ ನಾಡಿಗೆ ಹೊಸತಲ್ಲ. ಹಳ್ಳಿಯ ಮನೆಗಳಲ್ಲಿ ಹಟ್ಟಿಯ ಬದಿಯಲ್ಲಿ ಹುಟ್ಟಿದ ಮರಿ ತಾಯಿಯ ಮಗ್ಗುಲಲ್ಲಿಯೇ ಬೆಳೆದು, ಕಾಲಕ್ರಮದಲ್ಲಿ ತಾನಾಗಿಯೇ ಅಂಗಳದ ಕಾವಲಿಗೆ ನಿಲ್ಲುತ್ತಿತ್ತು. ಅದನ್ನು ಮಲಗಿಸುವ ಚಿಂತೆ ಯಾರಿಗೂ ಇರಲಿಲ್ಲ. ನಗರದ ಮನೆಗೆ ಬರುವ ಮರಿಯ ಸ್ಥಿತಿಯೇ ಬೇರೆ. ಅದನ್ನು ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಬೇರ್ಪಡಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತರಲಾಗುತ್ತದೆ. ಹಗಲೆಲ್ಲ ಮಕ್ಕಳ ಸಂಭ್ರಮ. ರಾತ್ರಿ ದೀಪವಾರಿದೊಡನೆ ಮರಿಯ ಅಳು.

ಮಂಗಳೂರಿನ ಪಂಪ್‌ವೆಲ್ ಪರಿಸರದಂತಹ ಕಡೆಗಳಲ್ಲಿ ಈ ತೊಡಕು ಇನ್ನಷ್ಟು ಹೆಚ್ಚು. ಕಾಸರಗೋಡಿನಿಂದ ಉಡುಪಿಯತ್ತ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯೂ ಕಂಕನಾಡಿಯಿಂದ ಪಡೀಲಿನ ಕಡೆಗೆ ಹೋಗುವ ರಸ್ತೆಯೂ ಕೂಡುವ ಸ್ಥಳವಿದು. 2020ರ ಜನವರಿಯಲ್ಲಿ ಮೇಲ್ಸೇತುವೆ ಸಂಚಾರಕ್ಕೆ ತೆರೆದ ಮೇಲೆ ವಾಹನಗಳು ಕೆಳಗೂ ಮೇಲೂ ಹರಿಯುತ್ತವೆ. ಲಾರಿಗಳ, ದೂರದೂರಿನ ಬಸ್ಸುಗಳ ಸದ್ದು ನಡುರಾತ್ರಿಯಲ್ಲೂ ಪೂರ್ತಿಯಾಗಿ ಅಡಗುವುದಿಲ್ಲ. ಬಹುಮಹಡಿ ಕಟ್ಟಡಗಳಲ್ಲಿ ಒಂದು ಮನೆಯ ಗೋಡೆಯೇ ಮತ್ತೊಂದು ಮನೆಯ ಗೋಡೆ. ಮರಿ ಅತ್ತರೆ ನೆರೆಯವರಿಗೂ ನಿದ್ದೆಯಿಲ್ಲ. ಮೂರು ರಾತ್ರಿ ಕಳೆಯುವುದರೊಳಗೆ ಮನೆಯವರ ಸಹನೆ ಮುಗಿದು, ಮರಿಯನ್ನು ಎಲ್ಲಿಯಾದರೂ ಬಿಟ್ಟುಬಿಡೋಣವೆಂಬ ಮಾತು ಬರುವುದೂ ಉಂಟು. ಹೆದ್ದಾರಿಯ ಅಂಚಿನಲ್ಲಿ ಬಿಟ್ಟ ಎಂಟು ವಾರದ ಮರಿ ಎಷ್ಟು ಹೊತ್ತು ಬದುಕೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಅಕಾರಣವಾಗಿ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಆದುದರಿಂದ ಮೊದಲ ವಾರದ ನಿದ್ದೆಯ ಪ್ರಶ್ನೆ ಚಿಕ್ಕದಾಗಿ ಕಂಡರೂ, ಒಂದು ಜೀವದ ಉಳಿವು ಅದರಲ್ಲಿ ಅಡಗಿದೆ.

ಅಳುವಿನ ಅರ್ಥ

ಮರಿಯ ಅಳು ಹಠವಲ್ಲ, ಕರೆ. ಗುಂಪಿನಿಂದ ಅಗಲಿದ ಎಳೆಯ ಪ್ರಾಣಿ ಸದ್ದು ಮಾಡಿದರೆ ತಾಯಿ ಹುಡುಕಿಕೊಂಡು ಬಂದಾಳೆಂಬುದು ಪ್ರಕೃತಿಯ ಏರ್ಪಾಡು. ಅಮೆರಿಕದ ವಿಜ್ಞಾನಿ ಜಾನ್ ಪಾಲ್ ಸ್ಕಾಟ್ ಮತ್ತು ಅವರ ಸಹೋದ್ಯೋಗಿಗಳು ಈ ವಿಷಯವನ್ನು ಹಲವು ವರ್ಷ ಅಭ್ಯಾಸ ಮಾಡಿದರು. ಪರಿಚಿತ ಸ್ಥಳದಲ್ಲಿ ಒಂಟಿಯಾದ ಮರಿಗಿಂತ ಅಪರಿಚಿತ ಸ್ಥಳದಲ್ಲಿ ಒಂಟಿಯಾದ ಮರಿ ಬಹಳ ಹೆಚ್ಚಾಗಿ ಕೂಗುತ್ತದೆಂಬುದನ್ನು 1961ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1977ರ ಮತ್ತೊಂದು ಅಧ್ಯಯನದಲ್ಲಿ ಅಳುವ ಮರಿಗಳ ಬಳಿ ಆಹಾರ, ಆಟಿಕೆ, ಮೆತ್ತನೆಯ ಬಟ್ಟೆ ಮುಂತಾದವುಗಳನ್ನಿಟ್ಟು ಪರೀಕ್ಷಿಸಲಾಯಿತು. ಆಹಾರದಿಂದ ಅಳು ನಿಲ್ಲಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಮಾಧಾನ ತಂದುದು ಮನುಷ್ಯರ ಸಾಮೀಪ್ಯ. ಮರಿ ಅತ್ತೊಡನೆ ಹಾಲಿನ ಬಟ್ಟಲು ಮುಂದಿಡುವ ನಮ್ಮ ರೂಢಿ ಏಕೆ ಫಲಿಸದೆಂಬುದು ಇದರಿಂದ ತಿಳಿಯುತ್ತದೆ.

ಮರಿಯ ವಯಸ್ಸೂ ಮುಖ್ಯ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ವಿಧಿಸಿವೆ. ಕೊಂಡುತಂದರೂ ಸರಿ, ಬಳಗದವರಿಂದ ಪಡೆದರೂ ಸರಿ, ಈ ಅವಧಿ ತುಂಬಿದ ಮೇಲೆಯೇ ತರುವುದು ಲೇಸು. ತರುವಾಗ ತಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತರಬೇಕು. ನಾಯಿಯ ಲೋಕ ಮೂಗಿನ ಲೋಕ. ಪರಿಚಿತ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ.

ಮಲಗುವ ವ್ಯವಸ್ಥೆ

ಪೂಜೆ ಪುನಸ್ಕಾರಗಳು ನಡೆಯುವ ಮನೆಯಲ್ಲಿ ನಾಯಿಯನ್ನು ಒಳಗೆ ಮಲಗಿಸುವುದು ಹೇಗೆಂದು ಹಿರಿಯರು ಕೇಳುವುದು ಸಹಜ. ಮರಿಗೆ ಬೇಕಾದುದು ಹಾಸಿಗೆಯಲ್ಲಿ ಪಾಲಲ್ಲ, ಮನುಷ್ಯರ ಉಸಿರು ಕೇಳಿಸುವಷ್ಟು ಹತ್ತಿರದ ಒಂದು ಮೂಲೆ. ದೇವರ ಕೋಣೆ ಮತ್ತು ಅಡುಗೆಮನೆಗಳಿಂದ ದೂರವಾಗಿ, ಪಡಸಾಲೆಯಲ್ಲಿಯೋ ಮುಚ್ಚಿದ ಜಗಲಿಯಲ್ಲಿಯೋ ಒಂದು ಪೆಟ್ಟಿಗೆಯನ್ನಿಟ್ಟು, ಮೊದಲ ವಾರ ಮನೆಯವರೊಬ್ಬರು ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದರೆ ಸಾಕು. ಮರಿ ಕುಂಯ್‌ಗುಟ್ಟಿದಾಗ ಕೈಯನ್ನು ಪೆಟ್ಟಿಗೆಯ ಬಳಿ ಇಟ್ಟು ಮೆಲುದನಿಯಲ್ಲಿ ಒಂದು ಮಾತಾಡಬೇಕು. ಎತ್ತಿಕೊಂಡು ಆಡಿಸತೊಡಗಿದರೆ ನಡುರಾತ್ರಿ ಆಟದ ಹೊತ್ತೆಂದು ಅದು ಕಲಿಯುತ್ತದೆ. ಗದರುವುದು, ಹೊಡೆಯುವುದು, ಬಚ್ಚಲಿನಲ್ಲಿ ಕೂಡಿಹಾಕುವುದು ಸರ್ವಥಾ ಸಲ್ಲದು. ಒಂಟಿತನದ ಭಯಕ್ಕೆ ಮನುಷ್ಯರ ಭಯವೂ ಸೇರಿಕೊಳ್ಳುತ್ತದೆಯೇ ಹೊರತು ನಿದ್ದೆ ಬರುವುದಿಲ್ಲ.

ಕರಾವಳಿಯ ಮಳೆಗಾಲವನ್ನೂ ನೆನಪಿನಲ್ಲಿಡಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ ನೆಲ ಒದ್ದೆಯಾಗಿಯೂ ತಣ್ಣಗೂ ಇರುತ್ತದೆ. ಬಾಗಲಕೋಟೆಯ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ಊರಿನಿಂದ ಮುಧೋಳ ತಳಿಯ ಮರಿಯನ್ನು ತಂದರೆ ಇದರತ್ತ ವಿಶೇಷ ಗಮನವಿರಲಿ. ಒಣ ಬಯಲಿನ ಆ ಬೇಟೆನಾಯಿಯ ಕೂದಲು ಗಿಡ್ಡ, ಮೈ ತೆಳ್ಳಗೆ. ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು, ಗೋಣಿಚೀಲದ ಮೇಲೆ ಹಳೆಯ ಹತ್ತಿಯ ಸೀರೆಯನ್ನು ಮಡಿಸಿ ಹಾಸಿ, ತೇವವಾದೊಡನೆ ಬದಲಿಸಬೇಕು. ರಸ್ತೆಯ ಬದಿಯ ಕಿಟಕಿಯಿಂದ ಪೆಟ್ಟಿಗೆ ದೂರವಿರಲಿ. ಹಾರ್ನಿನ ಸದ್ದಿಗೂ ಗುಡುಗಿಗೂ ಮರಿ ಬೆಚ್ಚಿದಾಗ ಮನೆಯವರು ಗಾಬರಿಗೊಳ್ಳದೆ ಶಾಂತರಾಗಿದ್ದರೆ ಅದೂ ಕ್ರಮೇಣ ಶಾಂತವಾಗುತ್ತದೆ.

ಊಟ ಮತ್ತು ದಿನಚರಿ

ಎಳೆಯ ಮರಿ ಹಗಲಿರುಳು ಸೇರಿ 18 ಗಂಟೆಗಳವರೆಗೆ ನಿದ್ರಿಸಬಲ್ಲದು; ಆದರೆ ಒಂದೇ ಸಮನೆ ಅಲ್ಲ. ಎರಡು ತಿಂಗಳ ಮರಿ ಮೂತ್ರವನ್ನು ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ಆದುದರಿಂದ ರಾತ್ರಿಯ ಊಟವನ್ನು ಮಲಗುವ ಎರಡು ಮೂರು ಗಂಟೆ ಮೊದಲೇ ಕೊಟ್ಟು, ಸ್ವಲ್ಪ ಆಡಿಸಿ, ಮಲಗುವ ಮುನ್ನ ನಿಗದಿಯಾದ ಜಾಗಕ್ಕೆ ಒಯ್ಯಬೇಕು. ನಡುರಾತ್ರಿ ಒಂದೆರಡು ಬಾರಿ ಎದ್ದು, ದೊಡ್ಡ ದೀಪ ಹಚ್ಚದೆ, ಮಾತಿಲ್ಲದೆ ಅಲ್ಲಿಗೇ ಒಯ್ದು ಮರಳಿ ಮಲಗಿಸಬೇಕು. ಲಸಿಕೆಗಳು ಮುಗಿಯುವವರೆಗೆ ಬೀದಿಯ ಬದಿಗೆ ಬಿಡದೆ, ಮನೆಯೊಳಗೇ ಹಳೆಯ ಪತ್ರಿಕೆ ಹಾಸಿದ ಮೂಲೆಯನ್ನು ಇದಕ್ಕೆ ಬಳಸುವುದು ಕ್ಷೇಮ.

ಹಸುವಿನ ಹಾಲು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಹೊಟ್ಟೆ ಕೆಟ್ಟ ಮರಿಗೆ ನಿದ್ದೆಯೆಲ್ಲಿಯದು? ಬರಿಯ ಹಾಲನ್ನ ಮೊಸರನ್ನಗಳಿಂದ ಬೆಳೆಯುವ ಮೈಗೆ ಬೇಕಾದ ಸತ್ವ ಪೂರ್ತಿಯಾಗಿ ದೊರೆಯುವುದಿಲ್ಲ. ಶಾಕಾಹಾರದ ಮನೆಯವರು ಪಶುವೈದ್ಯರ ಸಲಹೆ ಪಡೆದು ಆಹಾರವನ್ನು ನಿರ್ಧರಿಸಬೇಕು. ಈರುಳ್ಳಿ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಪ್ರಾಯ. ಕುಡಿಯುವ ನೀರು ಮಾತ್ರ ಸದಾ ಹತ್ತಿರವಿರಲಿ.

ವಾಂತಿ, ರಕ್ತಮಿಶ್ರಿತ ಭೇದಿ, ಹೊಟ್ಟೆಯುಬ್ಬರ, ಆಹಾರದಲ್ಲಿ ನಿರಾಸಕ್ತಿ ಕಂಡರೆ ಅದು ಒಂಟಿತನದ ಅಳುವಲ್ಲ. ಪಾರ್ವೊ ರೋಗ ಎಳೆಯ ಮರಿಗಳನ್ನು ಕೆಲವೇ ದಿನಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲದು. ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕಾಣಬೇಕು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಆಟದಲ್ಲಿ ಮರಿ ಮಕ್ಕಳನ್ನು ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಆಮೇಲೆ ವೈದ್ಯರ ಬಳಿಗೆ ಹೋಗಬೇಕು.

ಮೆಲ್ಲನೆ ದೂರ

ಮರಿ ನಾಲ್ಕಾರು ರಾತ್ರಿ ನೆಮ್ಮದಿಯಿಂದ ಮಲಗಿದ ಮೇಲೆ ಚಾಪೆಯನ್ನು ದಿನಕ್ಕೊಂದು ಮಾರಿನಷ್ಟು ಹಿಂದಕ್ಕೆ ಸರಿಸುತ್ತ ಬರಬೇಕು. ಹಗಲಿನಲ್ಲಿಯೂ ಕೆಲವು ನಿಮಿಷ ಅದನ್ನು ಒಂಟಿಯಾಗಿ ಬಿಟ್ಟು, ಅಳುವ ಮೊದಲೇ ಮರಳಿ ಬರುತ್ತಿದ್ದರೆ, ಹೋದವರು ಬಂದೇ ಬರುತ್ತಾರೆಂಬ ನಂಬಿಕೆ ಅದರಲ್ಲಿ ಬೇರೂರುತ್ತದೆ. ಕೆಲವು ಮರಿಗಳು ವಾರದಲ್ಲಿ ಹೊಂದಿಕೊಂಡರೆ ಕೆಲವಕ್ಕೆ ತಿಂಗಳು ಬೇಕಾದೀತು. ನಾಲ್ಕು ತಿಂಗಳ ಹೊತ್ತಿಗೆ ಬಹುತೇಕ ಮರಿಗಳು ಇಡೀ ರಾತ್ರಿ ನಿದ್ರಿಸಬಲ್ಲವು. ನೆರೆಯವರಿಗೆ ಮೊದಲೇ ಒಂದು ಮಾತು ತಿಳಿಸಿ, ಕೆಲವು ದಿನಗಳ ಸೈರಣೆಯನ್ನು ಬೇಡಿಕೊಳ್ಳುವುದೂ ಗೃಹಸ್ಥರ ಕರ್ತವ್ಯ.

ಮರಿಯನ್ನು ತರುವ ಮುನ್ನವೇ ಮನೆಯವರೆಲ್ಲ ಕುಳಿತು, ಮೊದಲ ವಾರ ಯಾರು ಅದರ ಬಳಿ ಮಲಗುವವರು, ನಡುರಾತ್ರಿ ಯಾರು ಏಳುವವರು ಎಂದು ನಿಶ್ಚಯಿಸಿಕೊಳ್ಳಲಿ. ಹಾಗೆ ಏಳುವವರು ಯಾರೂ ಇಲ್ಲವಾದರೆ ಮರಿಯನ್ನು ತರದಿರುವುದೇ ಅದಕ್ಕೆ ತೋರಬಹುದಾದ ದಯೆ. ಏಳುವವರಿದ್ದರೆ, ಕೆಲವು ರಾತ್ರಿಗಳ ನಿದ್ದೆಗೆಟ್ಟು ಅವರು ಗಳಿಸುವುದು ಹತ್ತು ಹನ್ನೆರಡು ವರ್ಷಗಳ ನಿಷ್ಠೆಯನ್ನು.