ಸೀಸೆಯ ಮೇಲಿನ ಅಂಕಿ ಏನನ್ನು ಅಳೆಯುತ್ತದೆ?

ಈಚೆಗೆ ನಮ್ಮಲ್ಲಿ ಚಿಕಿತ್ಸೆಗೆ ಬರುವ ಹಿರಿಯರು ಔಷಧದ ಚೀಟಿಯೊಡನೆ ಒಂದೆರಡು ಸೀಸೆಗಳನ್ನೂ ತರುತ್ತಾರೆ. ಅರಿಸಿನ, ನೆಲ್ಲಿಕಾಯಿ, ದ್ರಾಕ್ಷಿಬೀಜಗಳ ಸಾರವೆಂದು ಮಾರುವ ಗುಳಿಗೆಗಳವು; ಮೇಲೆ ‘ಆ್ಯಂಟಿಆಕ್ಸಿಡೆಂಟ್ ಶಕ್ತಿ’ ಎಂದು ದೊಡ್ಡದೊಂದು ಅಂಕಿ. ಪಿಂಚಣಿಯ ಹಣ ತೆತ್ತು ಕೊಳ್ಳುವವರು ಆ ಅಂಕಿಯ ಮೂಲವನ್ನು ಅರಿತಿರುವುದು ಉಚಿತ.

ಹೆಚ್ಚು ಬಳಕೆಯಲ್ಲಿರುವುದು ಬಣ್ಣದ ಪರೀಕ್ಷೆಗಳು. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಸ್ಯಸಾರವನ್ನು ಬೆರೆಸಿದರೆ ಅದು ಹಳದಿಗೆ ತಿರುಗುತ್ತದೆ. ನೇರಳೆ ಎಷ್ಟು ಮಾಸಿತೆಂಬುದನ್ನು 517 ನ್ಯಾನೊಮೀಟರ್ ತರಂಗಾಂತರದಲ್ಲಿ ಉಪಕರಣವು ಅಳೆಯುತ್ತದೆ. ಫೋಲಿನ್–ಸಿಯೊಕಾಲ್ಟೊ ವಿಧಾನದಲ್ಲಿ ಹಳದಿ ದ್ರಾವಣವು ನೀಲಿಯಾಗುತ್ತದೆ. ಆ ನೀಲಿಯ ಗಾಢತೆಯಿಂದ ಒಟ್ಟು ಫೀನಾಲುಗಳನ್ನು ಲೆಕ್ಕಹಾಕಿ, ಗ್ಯಾಲಿಕ್ ಆಮ್ಲಕ್ಕೆ ಸಮಾನವಾಗಿ ಇಷ್ಟು ಮಿಲಿಗ್ರಾಂ ಎನ್ನುತ್ತಾರೆ. ತೊಡಕಿರುವುದು ಇಲ್ಲಿಯೇ. ‘ಸಿ’ ಜೀವಸತ್ವವೂ ಕೆಲವು ಸಕ್ಕರೆಗಳೂ ಆ ದ್ರಾವಣವನ್ನು ನೀಲಿಯಾಗಿಸಬಲ್ಲವು. ಬಣ್ಣಕ್ಕೆ ವಸ್ತುವಿನ ಹೆಸರು ತಿಳಿಯದು. ಹೆಸರು ಬೇಕಿದ್ದರೆ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದೊಂದು ಸಂಯುಕ್ತವನ್ನೂ ಬೇರ್ಪಡಿಸಿ, ಶುದ್ಧ ಮಾದರಿಯೊಡನೆ ಹೋಲಿಸಬೇಕು. ಅದು ದುಬಾರಿಯಾದ ಕೆಲಸ.

ಎಣ್ಣೆಯ ವಿಷಯದಲ್ಲಿ ನಮ್ಮ ದೇಶಕ್ಕೆ ಇಂತಹ ಪರೀಕ್ಷೆ ಹೊಸದಲ್ಲ. ಎಳ್ಳೆಣ್ಣೆ ಬೇಗನೆ ಕಮಟು ಹಿಡಿಯದಿರಲು ಸೆಸಮಾಲ್ ಮೊದಲಾದ ಸಂಯುಕ್ತಗಳು ಕಾರಣ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಸೇರಿಸಿದಾಗ ಅದೇ ಸೆಸಮಾಲ್ ಕೆಂಬಣ್ಣವನ್ನು ಕೊಡುತ್ತದೆ. ಇದಕ್ಕೆ ಬೋದ್ವಾ ಪರೀಕ್ಷೆಯೆಂದು ಹೆಸರು. ವನಸ್ಪತಿಯಲ್ಲಿ ಕನಿಷ್ಠ ಶೇ. 5ರಷ್ಟು ಎಳ್ಳೆಣ್ಣೆ ಇರಬೇಕೆಂದು ಕಾನೂನು ವಿಧಿಸಿದ್ದುದು ಇದಕ್ಕಾಗಿಯೇ. ತುಪ್ಪಕ್ಕೆ ವನಸ್ಪತಿಯನ್ನು ಬೆರೆಸಿದ ವ್ಯಾಪಾರಿಯನ್ನು ಕೆಂಪು ಬಣ್ಣವೇ ಹಿಡಿದುಕೊಡುತ್ತಿತ್ತು! ಬಣ್ಣದ ಪರೀಕ್ಷೆಯನ್ನು ನಾವು ಹಳಿಯುತ್ತಿಲ್ಲ; ಅದಕ್ಕೆ ತಕ್ಕ ಪ್ರಶ್ನೆಯನ್ನು ಕೇಳಬೇಕು, ಅಷ್ಟೇ.

ಪ್ರಯೋಗನಾಳದಲ್ಲಿ ತೋರಿದ ಶಕ್ತಿ ದೇಹದಲ್ಲಿಯೂ ತೋರುವುದೆಂಬ ಭರವಸೆಯಿಲ್ಲ. ಅರಿಸಿನದ ಕರ್ಕ್ಯುಮಿನ್ ನಾಳದಲ್ಲಿ ಪ್ರಬಲ, ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಆಹಾರಗಳನ್ನು ‘ಒರಾಕ್’ ಅಂಕಿಯಿಂದ ಸಾಲಾಗಿ ಪಟ್ಟಿಮಾಡಿದ್ದ ಅಮೆರಿಕದ ಕೃಷಿ ಇಲಾಖೆ, ಮಾರಾಟಗಾರರು ಅದನ್ನು ದುರುಪಯೋಗಪಡಿಸಿಕೊಳ್ಳುತ್ತಿರುವುದನ್ನು ಕಂಡು 2012ರಲ್ಲಿ ಪಟ್ಟಿಯನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷ ಯುರೋಪಿನ ಒಕ್ಕೂಟವು ಆಲಿವ್ ಎಣ್ಣೆಯ ಬಗ್ಗೆ ನಿಯಮ ಮಾಡಿತು: 20 ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೋಸಾಲ್ ಮತ್ತು ಅದರ ಸಂಬಂಧಿತ ಸಂಯುಕ್ತಗಳು ಕನಿಷ್ಠ 5 ಮಿಲಿಗ್ರಾಂ ಇದ್ದರೆ ಮಾತ್ರ ಅವುಗಳ ಗುಣವನ್ನು ಲೇಬಲ್ಲಿನಲ್ಲಿ ಹೇಳಬಹುದು. ವಸ್ತುವಿಗೆ ಹೆಸರಿದೆ, ತೂಕವಿದೆ.

ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಭಾವನೆಯೂ ಸಲ್ಲದು. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿ ಕಂಡುಬಂತು. ಗಜ್ಜರಿಯನ್ನು ತಿನ್ನಲು ಇದರಿಂದ ಅಂಜಬೇಕಾಗಿಲ್ಲ, ಮಾತು ಗುಳಿಗೆಯದು.

ಆದುದರಿಂದ ಕೊಳ್ಳುವ ಮೊದಲು ಸೀಸೆಯ ಮೇಲೆ ಸಂಯುಕ್ತದ ಹೆಸರು, ಒಂದು ಗುಳಿಗೆಯಲ್ಲಿ ಅದು ಎಷ್ಟು ಮಿಲಿಗ್ರಾಂ ಎಂಬುದು ಇವೆಯೇ ನೋಡಿರಿ. ಕರ್ಕ್ಯುಮಿನ್ ಗುಳಿಗೆಗಳಿಗೆ ಮೆಣಸಿನ ಪೈಪರಿನ್ ಸೇರಿಸುವುದು ರೂಢಿ. ಅದು ಬೇರೆ ಔಷಧಗಳೂ ರಕ್ತದಲ್ಲಿ ಹೆಚ್ಚಾಗಿ ಉಳಿಯುವಂತೆ ಮಾಡಬಲ್ಲದು. ರಕ್ತ ತೆಳುವಾಗಿಸುವ ಅಥವಾ ಅಪಸ್ಮಾರದ ಔಷಧ ಸೇವಿಸುವವರು ಅಂತಹ ಸೀಸೆಯನ್ನು ತೆರೆಯುವ ಮುನ್ನವೇ ತಮ್ಮ ವೈದ್ಯರಿಗೆ ತೋರಿಸಬೇಕು.